ಬೆಟ್ಟದ ದೀಪ ಹತ್ತಿತು

ಕಟ್ಟಿನಲ್ಲಿ ಮುನ್ನೂರ ಅರವತ್ತೈದು ಬತ್ತಿಗಳಿರಬೇಕಿತ್ತು. ಇದ್ದದ್ದು ಮುನ್ನೂರ ಅರವತ್ತನಾಲ್ಕು. ಅದು ನನಗೊಬ್ಬಳಿಗೇ ಗೊತ್ತಿತ್ತು.

ಮೊನ್ನೆ ಹಾಸ್ಟೆಲಿನಲ್ಲಿ ಕರೆಂಟು ಬಂದ ಕೂಡಲೇ ಪಕ್ಕದ ಕೋಣೆಯ ಹುಡುಗಿ ಮೇಣದಬತ್ತಿಯನ್ನು ಊದಿ ಆರಿಸಿದಳು. ಹೊಗೆ ಬಾಗಿಲ ಸಂದಿನಿಂದ ನನ್ನ ಮೇಜಿನವರೆಗೆ ಬಂತು. ಉರಿಯುವಾಗ ದೀಪಕ್ಕೆ ಹೇಳಿಕೊಳ್ಳುವಂಥ ವಾಸನೆ ಇರುವುದಿಲ್ಲ. ಆರಿದ ಮೇಲೆಯೇ ಅದು ಇಷ್ಟು ಹೊತ್ತು ಇತ್ತೆಂದು ಮೂಗಿಗೆ ತಿಳಿಯುವುದು. ಓದುತ್ತಿದ್ದ ಪುಸ್ತಕ ಮುಚ್ಚಿ, ಕಿಟಕಿ ತೆರೆದು, ಬಹಳ ಹೊತ್ತು ನಿಂತೆ. ಒಂದು ಬತ್ತಿಯ ಹೊಗೆ ಇಷ್ಟಾದರೆ, ತುಪ್ಪದಲ್ಲಿ ನೆನೆದ ಮುನ್ನೂರ ಅರವತ್ತನಾಲ್ಕು ಬತ್ತಿಗಳನ್ನು ಒಟ್ಟಿಗೆ ಆರಿಸಿದಾಗ ಏಳುವ ಹೊಗೆ ಹೇಗಿರುತ್ತದೆಂದು ಬಲ್ಲವರು ಹೆಚ್ಚು ಜನ ಇರಲಾರರು. ನಾನು ಬಲ್ಲೆ. ಆಗ ನನಗೆ ಎಂಟು ವರ್ಷ. ಹಿಂದೂಪುರದ ನೇಕಾರರ ಬೀದಿಯ ನಮ್ಮ ಮನೆಯಲ್ಲಿ, ಕಾರ್ತಿಕ ಹುಣ್ಣಿಮೆಯ ಸಂಜೆ.

ಆ ಮನೆ ರೈಲಿನ ಡಬ್ಬಿಯ ಹಾಗೆ ಉದ್ದಕ್ಕಿತ್ತು. ಬೀದಿ ಬಾಗಿಲು ದಾಟಿದರೆ ಮಗ್ಗದ ಕೋಣೆ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ಅಪ್ಪ ರೇಷ್ಮೆ ಸೀರೆ ನೇಯುತ್ತಿದ್ದರು. ಅದರ ಹಿಂದೆ ನಡುವೆ ತುಳಸಿಕಟ್ಟೆಯ ತೆರೆದ ಅಂಗಳವಿದ್ದ ನಡುಮನೆ, ಅದರ ಹಿಂದೆ ಹೊಗೆ ಹಿಡಿದ ಅಡುಗೆಮನೆ, ಹಿತ್ತಲಲ್ಲಿ ಒಂದು ಹುಣಸೆಮರ. ಹಸಿ ರೇಷ್ಮೆಗೆ ಒಂದು ವಾಸನೆ ಇದೆ, ಒದ್ದೆ ಕೂದಲಿನ ವಾಸನೆಗೆ ಹತ್ತಿರದ್ದು. ನಮ್ಮ ಹಾಸಿಗೆ, ನನ್ನ ಸ್ಲೇಟು, ಅನ್ನ, ಎಲ್ಲಕ್ಕೂ ಆ ವಾಸನೆ ಇತ್ತು. ಮಗ್ಗದ ಲಾಳಿ ಅತ್ತಿಂದಿತ್ತ ಓಡಾಡುವ ಸದ್ದು ನಿಂತರೆ ಮಾತ್ರ ನಮಗೆ ಕೇಳಿಸುತ್ತಿತ್ತು. ಮನೆಯಲ್ಲಿ ಅಪ್ಪ, ಅಮ್ಮ, ಅಪ್ಪನ ತಾಯಿ ನಮ್ಮಜ್ಜಿ, ಅಪ್ಪನ ತಂಗಿ ರತ್ನತ್ತೆ, ಮತ್ತು ನಾನು. ರತ್ನತ್ತೆಗೆ ಇನ್ನೂ ಮದುವೆ ಆಗಿರಲಿಲ್ಲ. ರಾಟೆಯ ಮುಂದೆ ಕೂತು ನೂಲು ಸುತ್ತುತ್ತ ಬೀದಿಯ ಸಮಸ್ತರನ್ನೂ ಅಣಕಿಸುವುದು ಅವಳ ಕೆಲಸ.

ಅಜ್ಜಿ ಕೆಟ್ಟದ್ದನ್ನು ಅದರ ಹೆಸರು ಹಿಡಿದು ಕರೆದವಳಲ್ಲ. ಅಕ್ಕಿ ಮುಗಿದರೆ 'ಅಕ್ಕಿ ಹೆಚ್ಚೈತೆ' ಎನ್ನುವಳು. ಬಳೆ ಒಡೆದರೆ 'ಬಳೆ ಹೆಚ್ಚಿತು'. ದೀಪ ಆರಿಸಬೇಕಾದರೆ 'ದೀಪ ದೊಡ್ದು ಮಾಡಮ್ಮ'. ಬಾಯಿಂದ ಬಂದ ಮಾತನ್ನು ಮೇಲಿರುವ ಯಾರೋ ಕೇಳಿಸಿಕೊಂಡು 'ತಥಾಸ್ತು' ಎಂದುಬಿಡುತ್ತಾರೆ ಎನ್ನುವುದು ಅವಳ ನಂಬಿಕೆ. ಹೀಗಾಗಿ ನಮ್ಮ ಮನೆಯಲ್ಲಿ ಒಳ್ಳೆಯ ಮಾತು ಕೇಳಿದರೆ ಅದರ ಹಿಂದೆ ಏನಿದೆಯೋ ಎಂದು ಒಂದು ಗಳಿಗೆ ಯೋಚಿಸಬೇಕಿತ್ತು. ಇದನ್ನು ನಾನು ಚಿಕ್ಕಂದಿನಲ್ಲೇ ಕಲಿತಿದ್ದೆ, ಪೂರ್ತಿ ಕಲಿತಿರಲಿಲ್ಲ.

ಆ ವರ್ಷ ಅಮ್ಮ ಬಸುರಿ. ನನ್ನ ನಂತರ ಎರಡು ಸಲ ಕೂಸು ಕೈತಪ್ಪಿತ್ತು. ಎರಡನೆಯ ಸಲ ಅಮ್ಮನೇ ಉಳಿದದ್ದು ಹೆಚ್ಚು ಎಂದು ದೊಡ್ಡವರು ಪಿಸುಗುಡುತ್ತಿದ್ದದ್ದು ನನಗೆ ಕೇಳಿಸಿತ್ತು. ಈ ಸಲವೂ ಹಾಗೇ ಆದರೆ ಕಷ್ಟ ಎಂದು ಡಾಕ್ಟರಮ್ಮ ಹೇಳಿದ ಮೇಲೆ, ದಸರೆ ಕಳೆದ ವಾರ ತಾತ ಕಲ್ಯಾಣದುರ್ಗದಿಂದ ಬಂದು ಮಗಳನ್ನು ತವರಿಗೆ ಕರೆದುಕೊಂಡು ಹೋಗಲು ನಿಂತರು. ತಾತ ಮಾತು ಕಮ್ಮಿಯ ಮನುಷ್ಯ. ಊಟಕ್ಕೆ ಬಡಿಸುತ್ತ ರತ್ನತ್ತೆ, "ಏನಮ್ಮ, ನಿಮ್ಮ ಬೀಗರು ಬಾಯಿ ಬಿಟ್ರೆ ಮುತ್ತು ಉದುರೋಯ್ತದಾ?" ಎಂದು ಅಜ್ಜಿಯ ಕಿವಿಯಲ್ಲಿ ಕೇಳಿದ್ದು ತಾತನಿಗೂ ಕೇಳಿಸಿತು. "ಉದುರಲ್ಲ ಕಣಮ್ಮ, ಹಲ್ಲು ಉದುರ್ತವೆ, ಅದ್ಕೇ ಮುಚ್ಕೊಂಡಿರೋದು," ಎಂದರು ತಾತ, ತಲೆ ಎತ್ತದೆ. ಅವತ್ತಿಡೀ ಅವರು ಆಡಿದ ಮಾತು ಅದೊಂದೇ ಇರಬೇಕು.

ಬಸ್‌ಸ್ಟ್ಯಾಂಡಿನಲ್ಲಿ ಮರುದಿನ ಅಪ್ಪ ಟ್ರಂಕು ಕಟ್ಟಲು ಬಸ್ಸಿನ ಮೇಲೆ ಹತ್ತಿದ್ದರು. ಅಮ್ಮ ಕಿಟಕಿಯ ಪಕ್ಕ ಕೂತಿದ್ದಳು, ನಾನು ಅವಳ ಒತ್ತಿಗೆ ಕೂತು, ಬಸ್ಸು ಹೊರಡುವ ತನಕ ಇಳಿಯುವುದಿಲ್ಲವೆಂದು ಹಟ ಹಿಡಿದಿದ್ದೆ. ಆಗ ತಾತ ಮುಂದಿನ ಸೀಟಿನಿಂದ ತಿರುಗಿ ಅಮ್ಮನಿಗೆ ಹೇಳಿದರು: "ನೋಡವ್ವ, ಹೆದರ್ಕಬೇಡ. ನೀನು ಸುಸೂತ್ರವಾಗಿ ಎರಡು ಜೀವ ಆದ್ರೆ ಕಾರ್ತಿಕ ಹುಣ್ಣಿಮೆಗೆ ನಾನೇ ಎಣ್ಣೆ ಹೊತ್ಕೊಂಡೋಗಿ ನಮ್ಮೂರ ಬೆಟ್ಟದ ದೀಪ ಹತ್ತಿಸ್ತೀನಿ. ನಿಮ್ಮತ್ತೆ ಮನೆಗೂ ಅಷ್ಟೇ ಹೇಳಿ ಕಳಿಸ್ತೀನಿ, ಬೆಟ್ಟದ ದೀಪ ಹತ್ತಿತು ಅಂತ. ಹೆರಿಗೆ ಗಿರಿಗೆ ಅಂತ ಕಂಡೋರ ಮುಂದೆ ಫೋನಾಗೆ ಕಿರುಚಕ್ಕೆ ನನ್ ಕೈಲಾಗಲ್ಲ." ಅಮ್ಮ ನಕ್ಕಳು. ತಾತ ಅತ್ತ ತಿರುಗಿದ ಮೇಲೆ ನನ್ನ ಗಲ್ಲ ಹಿಡಿದು ಹೇಳಿದಳು: "ಕೇಳಿಸ್ತೇನೆ ಕಮಲಿ? ದೀಪ ಹತ್ತಿತು ಅಂದ್ರೆ ಅಮ್ಮ ಚೆನ್ನಾಗವಳೆ ಅಂತ. ಅಪ್ಪನಿಗೂ ಹೇಳು, ಮರೀಬೇಡ."

ನಾನು ಮರೆಯಲಿಲ್ಲ. ಹೇಳಲಿಲ್ಲ, ಅಷ್ಟೇ. ಅಮ್ಮ ಇಲ್ಲದ ಆ ಮನೆಯಲ್ಲಿ ಅವಳದ್ದೆಂದು ನನ್ನ ಬಳಿ ಇದ್ದದ್ದು ಆ ಮಾತೊಂದೇ. ಹೇಳಿದರೆ ಅದು ಅಪ್ಪನದೂ ಆಗುತ್ತದೆ, ಅಜ್ಜಿಯದೂ ಆಗುತ್ತದೆ, ರತ್ನತ್ತೆ ಅದನ್ನು ಬೀದಿಯ ಕೊಳಾಯಿಯವರೆಗೂ ಒಯ್ಯುತ್ತಾಳೆ. ಇಟ್ಟುಕೊಂಡೆ. ಇಂದಿಗೂ ನನ್ನನ್ನು ಬಲ್ಲವರು ನಾನು ಏನನ್ನೂ ಹೇಳಿಕೊಳ್ಳುವುದಿಲ್ಲ ಎನ್ನುತ್ತಾರೆ; ಅದರ ಬೆಲೆ ಏನೆಂದು ಎಂಟನೆಯ ವಯಸ್ಸಿಗೇ ಒಮ್ಮೆ ಕಂಡಿದ್ದೇನೆಂದು ಅವರಿಗೆ ಗೊತ್ತಿಲ್ಲ.

ಕಾರ್ತಿಕ ಮಾಸ ಹುಟ್ಟಿದಾಗಿನಿಂದ ಸಂಜೆಗಳಲ್ಲಿ ಅಜ್ಜಿಯೂ ನಾನೂ ಬತ್ತಿ ಹೊಸೆಯುತ್ತಿದ್ದೆವು. ವರ್ಷದಲ್ಲಿ ಮೈಲಿಗೆಯೆಂದೋ, ಮರೆವಿನಿಂದಲೋ, ಊರಲ್ಲಿಲ್ಲದೆಯೋ ದೇವರ ಮುಂದೆ ದೀಪ ಹಚ್ಚದೆ ತಪ್ಪಿಹೋದ ದಿನಗಳಿರುತ್ತವಲ್ಲ, ಅವಕ್ಕೆಲ್ಲ ಸೇರಿ ಹುಣ್ಣಿಮೆಯ ದಿನ ಮುನ್ನೂರ ಅರವತ್ತೈದು ಬತ್ತಿಯ ಒಂದೇ ಕಟ್ಟು ಹಚ್ಚುವುದು ವಾಡಿಕೆ. ದಿನಕ್ಕೊಂದು ಬತ್ತಿ. ಅಜ್ಜಿಯ ಕಣ್ಣಿಗೆ ಪೊರೆ ಬಂದಿತ್ತು. ಎಣಿಸುವುದು ನನ್ನ ಪಾಲಿಗೆ ಬಂತು. ಮೂವತ್ತರ ಹನ್ನೆರಡು ಕಟ್ಟು, ಮೇಲೆ ಐದು. "ಎಣಿಸೋದ್ರಾಗೆ ನಿನ್ ಮೊಮ್ಮಗಳು ಪೋಸ್ಟ್‌ಮಾಸ್ಟ್ರು ಕಣಮ್ಮ," ಎನ್ನುತ್ತಿದ್ದಳು ರತ್ನತ್ತೆ. ಕೊನೆಯ ಐದನ್ನು ನಾನೇ ಹೊಸೆದೆ, ನನ್ನ ತೊಡೆಯ ಮೇಲೆ. ಆದರೆ ಹುಣ್ಣಿಮೆಯ ಹಿಂದಿನ ಮಧ್ಯಾಹ್ನ, ಅಪ್ಪ ಗುಡಿಗೆ ಹೋಗಿದ್ದಾಗ, ಅದರಲ್ಲೊಂದನ್ನು ತೆಗೆದುಕೊಂಡು ಮಗ್ಗದ ಗುಂಡಿಗಿಳಿದು, ನನ್ನ ಗೊಂಬೆಯ ಮುಂದೆ ಮಣ್ಣಿನ ಹಣತೆಯಲ್ಲಿ ಇಟ್ಟು ಹಚ್ಚಿಬಿಟ್ಟೆ. ಮಗ್ಗಕ್ಕೆ ಉದ್ದಕ್ಕೂ ಹಾಸಾಗಿ ಬಿಗಿದ ರೇಷ್ಮೆ ಎಳೆಗಳ ಕೆಳಗೆ ಬೆಂಕಿ! ಒಂದು ಕಿಡಿ ಸಾಕಿತ್ತು. ಬತ್ತಿ ಪೂರ್ತಿ ಉರಿದ ಮೇಲೆ ಬೂದಿಯನ್ನು ಪಾವಡೆಯ ಅಂಚಿನಿಂದ ಒರೆಸಿದೆ. ಮಾರನೆಯ ದಿನ ಅಜ್ಜಿ "ಐದೂ ಅವೇನೆ?" ಎಂದು ಕೇಳಿದಾಗ "ಹೂಂ" ಎಂದೆ. ಇನ್ನೊಂದು ಹೊಸೆಯಲು ಬೇಕಾಗುವುದು ಚಿಟಿಕೆ ಹತ್ತಿ, ಅರ್ಧ ನಿಮಿಷ. ಯಾಕೆ ಹೊಸೆಯಲಿಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಹುಣ್ಣಿಮೆಯ ಸಂಜೆ ನಮ್ಮ ಊರು ಹೇಗಿರುತ್ತಿತ್ತೆಂದು ಕಂಡವರಿಗೆ ನೆನಪಿಸಬೇಕಿಲ್ಲ. ಕಾಣದವರಿಗೆ ಹೇಗೆ ಹೇಳಲಿ. ಹೊಸ್ತಿಲ ಎರಡೂ ಕಡೆ, ಜಗುಲಿಯ ಅಂಚಿಗೆ, ತುಳಸಿಯ ಬುಡಕ್ಕೆ, ಬಾವಿಯ ಕಟ್ಟೆಗೆ, ಮಾಡಿನ ಗೂಡುಗಳಿಗೆ ಹಣತೆ. ಗುಡಿಯ ಮುಂದೆ ಎತ್ತರದ ಕಂಬದ ತುದಿಯಲ್ಲಿ ಆಕಾಶದೀಪ. ಅಂಗಡಿಯವರು ಬಣ್ಣದ ಬಲ್ಬುಗಳ ಸರ ಕಟ್ಟಿರುತ್ತಿದ್ದರು. ಕರೆಂಟು ಹೋದಾಗ ಇಡೀ ಬೀದಿ 'ಓ' ಎಂದು ಕೂಗುತ್ತಿತ್ತು, ಆಗಲೇ ಊರು ನಿಜವಾಗಿ ಕಾಣುತ್ತಿದ್ದದ್ದು. ಅವತ್ತೂ ಕರೆಂಟು ಹೋಯಿತು. ಅಜ್ಜಿ ಅದೇ ಹೊತ್ತು ನೋಡಿ ತುಳಸಿಯ ಮುಂದೆ ಕೂತು ಬತ್ತಿಯ ಕಟ್ಟು ಹಚ್ಚಿದಳು. ಮೊದಲು ನಾಲ್ಕಾರು ಎಳೆ, ಆಮೇಲೆ ಒಮ್ಮೆಗೇ ಎಲ್ಲವೂ ಹಿಡಿದು ಅಂಗೈ ಎತ್ತರದ ಜ್ವಾಲೆ ಎದ್ದಿತು. ಅದರೊಳಗೆ ಒಂದು ಬತ್ತಿಯಷ್ಟು ಖಾಲಿ ಜಾಗ ಎಲ್ಲಿದೆ ಎಂದು ನಾನು ನೋಡುತ್ತಿದ್ದೆ.

ಆಗಲೇ ಶೇಷಯ್ಯ ಬಂದದ್ದು. ಅಪ್ಪ ರೇಷ್ಮೆ ನೂಲು ತರುತ್ತಿದ್ದ ಅಂಗಡಿಯ ಗುಮಾಸ್ತ. ನಮ್ಮ ಬೀದಿಗೆಲ್ಲ ಇದ್ದ ಫೋನು ಆ ಅಂಗಡಿಯದೊಂದೇ. ತೆಲುಗು ಮನುಷ್ಯ, ಕನ್ನಡ ಚೆನ್ನಾಗಿ ತಿಳಿಯುತ್ತಿತ್ತು, ಆಡುತ್ತಿದ್ದದ್ದು ತೆಲುಗೇ. ಯಾವಾಗಲೂ "ಏಂ ಪಾಪಾ" ಎಂದು ನನ್ನ ಜಡೆ ಎಳೆಯುವವನು ಅವತ್ತು ಚಪ್ಪಲಿ ಬೀದಿಯಲ್ಲೇ ಬಿಟ್ಟು, ಹೊಸ್ತಿಲ ದೀಪಗಳನ್ನು ದಾಟದೆ, ಅಲ್ಲೇ ನಿಂತು ಕರೆದ. ಕಲ್ಯಾಣದುರ್ಗದಿಂದ ಟ್ರಂಕ್‌ಕಾಲ್ ಮಧ್ಯಾಹ್ನವೇ ಬಂದಿತ್ತಂತೆ, ಹಬ್ಬದ ದಿನ ಹೇಳಲು ಬಾಯಿ ಬಂದಿರಲಿಲ್ಲವಂತೆ, ಲೈನು ಸರಿ ಇರಲಿಲ್ಲವಂತೆ, ನಿಮ್ಮ ಬೀಗರು ಒಂದೇ ಮಾತು ಹೇಳಿ ಇಟ್ಟುಬಿಟ್ಟರಂತೆ. ಆಮೇಲೆ ತಲೆ ತಗ್ಗಿಸಿ ಆ ಮಾತು ಹೇಳಿದ: "ದೀಪಂ ಕೊಂಡೆಕ್ಕಿಂದಂಟಮ್ಮಾ."

ನನ್ನ ತೆಲುಗು ಬೀದಿಯಲ್ಲಿ ಆಡುತ್ತ ಕಲಿತದ್ದು. ಕೊಂಡ ಎಂದರೆ ಬೆಟ್ಟ. ಎಕ್ಕಿಂದಿ ಎಂದರೆ ಹತ್ತಿತು. ಬೆಟ್ಟದ ದೀಪ ಹತ್ತಿತು! ನಾನು ಚಪ್ಪಾಳೆ ತಟ್ಟಿ ನಕ್ಕೆ. ನಕ್ಕು ಅಜ್ಜಿಯ ಮುಖ ನೋಡಿದೆ. ಅಜ್ಜಿ ಒಂದು ಕೈಯಲ್ಲಿ ತುಳಸಿಕಟ್ಟೆ ಹಿಡಿದುಕೊಂಡಿದ್ದಳು. ರತ್ನತ್ತೆ ಒಳಗಿಂದ ಓಡಿ ಬಂದವಳು ನನ್ನ ಎರಡೂ ಕೈಗಳನ್ನು ಒಟ್ಟಿಗೆ ಬಿಗಿಹಿಡಿದು, "ನಗಬೇಡ್ವೇ, ನಗಬೇಡ, ಅಯ್ಯೋ," ಎಂದಳು. ಆಗ ಅಜ್ಜಿ, ಎಂದೂ ಆ ಪದವನ್ನು ನಾಲಿಗೆಯ ಮೇಲೆ ತಂದುಕೊಳ್ಳದವಳು, ಉರಿಯುತ್ತಿದ್ದ ಕಟ್ಟಿನ ಕಡೆ ಕೈ ತೋರಿಸಿ ಹೇಳಿದಳು: "ಆರ್ಸೇ ರತ್ನಾ. ಎಲ್ಲಾ ಆರ್ಸು."

ದೊಡ್ಡದು ಮಾಡು ಎನ್ನಲಿಲ್ಲ. ಆರಿಸು ಎಂದಳು. ರತ್ನತ್ತೆ ಹಿತ್ತಾಳೆಯ ತಟ್ಟೆ ತಂದು ಬತ್ತಿಯ ಕಟ್ಟಿನ ಮೇಲೆ ಬೋರಲು ಹಾಕಿದಳು. ತಟ್ಟೆಯ ಸುತ್ತಲಿಂದ ಹೊಗೆ ನುಗ್ಗಿ ಬಂತು, ಬಿಳಿಯದು, ತುಪ್ಪ ಕಮರಿದ್ದು, ಹತ್ತಿ ಸುಟ್ಟದ್ದು. ನಡುಮನೆ ತುಂಬಿ ಮಗ್ಗದ ಕೋಣೆಗೆ ಹೋಗಿ ಹಾಸಿನ ರೇಷ್ಮೆಯೊಳಗೆ ಇಳಿಯಿತು. ಆಮೇಲೆ ಅವಳು ಹೊಸ್ತಿಲಿನ ಹಣತೆಗಳನ್ನು, ಜಗುಲಿಯವನ್ನು, ಬಾವಿಕಟ್ಟೆಯವನ್ನು ಸೆರಗಿನ ಗಾಳಿಯಿಂದ ಒಂದೊಂದಾಗಿ ಆರಿಸುತ್ತ ಹೋದಳು. ಎದುರುಮನೆಯವರು ನಿಂತು ನೋಡುತ್ತಿದ್ದರು. ಉದ್ದಕ್ಕೂ ಬೆಳಗುತ್ತಿದ್ದ ಬೀದಿಯಲ್ಲಿ ನಮ್ಮ ಮನೆ ಒಂದೇ ಕಪ್ಪಗೆ ನಿಂತಿತು, ಸಾಲಿನಲ್ಲಿ ಉದುರಿದ ಹಲ್ಲಿನ ಹಾಗೆ.

ಅಪ್ಪನಿಗೆ ಹೇಳಬೇಕಿತ್ತು. ಅಪ್ಪ ಗುಡಿಯ ಮುಂದೆ ಜ್ವಾಲಾತೋರಣಕ್ಕೆ ಹುಲ್ಲು ಕಟ್ಟಲು ಹೋಗಿದ್ದರು. ರತ್ನತ್ತೆ ನನ್ನನ್ನು ಎಳೆದುಕೊಂಡು ಹೊರಟಳು. ದಾರಿಯಲ್ಲಿ ಕೇಳಿದೆ: "ಅತ್ತೆ, ಅಮ್ಮಂಗೆ ಏನಾಯ್ತು? ದೀಪ ಬೆಟ್ಟ ಹತ್ತಿದ್ರೆ ಒಳ್ಳೇದಲ್ವಾ?" ಅವಳು ನಡೆಯುವುದನ್ನು ನಿಲ್ಲಿಸಲಿಲ್ಲ. "ದೀಪ ಆರೋದಕ್ಕೆ ನಾವು ದೊಡ್ದಾಯ್ತು ಅಂತೀವಲ್ಲ, ತೆಲುಗ್ನೋರು ಕೊಂಡ ಹತ್ತಿತು ಅಂತಾರೆ ಕಣೆ. ಮನುಷ್ರು ಹೋದ್ರೂ ಹಂಗೇ ಅಂತಾರೆ." ಇಕ್ಕೆಲದ ಜಗುಲಿಗಳಿಂದ ದೀಪಗಳು ನಮ್ಮನ್ನೇ ನೋಡುತ್ತಿದ್ದವು. ನನಗೆ ಆ ಸಂಜೆ ತೆಲುಗು ಬಂತು. ಬಂದದ್ದೇ ನನ್ನ ಕನ್ನಡ ಹೋಯಿತು. ತಾತ ಏನೆಂದರೋ ಯಾರಿಗೆ ಗೊತ್ತು. ಶೇಷಯ್ಯ ದೊಡ್ಡವನು, ಅಜ್ಜಿ ದೊಡ್ಡವಳು, ಅವರು ಅತ್ತ ಮೇಲೆ ನಾನು ತಿಳಿದದ್ದು ಹೇಗೆ ಸರಿಯಾದೀತು? ಅದೂ ಅಲ್ಲದೆ ಕಟ್ಟಿನಲ್ಲಿ ಒಂದು ದಿನ ಖಾಲಿ ಇತ್ತು. ವರ್ಷದ ಆ ಒಂದು ದಿನ ಯಾವುದೆಂದು ನನಗೆ ಈಗ ತಿಳಿಯಿತು. ಅದು ಇವತ್ತು.

ಗುಡಿಯ ಮುಂದಿನ ಬಯಲಿನಲ್ಲಿ ತಮಟೆಯ ಸದ್ದಿಗೆ ಎದೆ ನಡುಗುತ್ತಿತ್ತು. ಎರಡು ಕಂಬ ನೆಟ್ಟು, ಅಡ್ಡಕ್ಕೆ ಗಳ ಕಟ್ಟಿ, ಅದಕ್ಕೆ ಸುತ್ತಿದ ಒಣಹುಲ್ಲಿಗೆ ಆಗಲೇ ಬೆಂಕಿ ಕೊಟ್ಟಿದ್ದರು. ದೇವರ ಪಲ್ಲಕ್ಕಿ ಆ ಉರಿಯುವ ಬಾಗಿಲಿನ ಅಡಿಯಿಂದ ಮೂರು ಸಲ ಹೋಗುತ್ತದೆ. ಜನ ಹಿಂದೆ ನುಸುಳುತ್ತಾರೆ. ಹಾಗೆ ನುಸುಳಿದವರು ಯಮನ ಬಾಗಿಲ ಬೆಂಕಿ ನೋಡಬೇಕಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು. ರತ್ನತ್ತೆ ಸೂತಕದ ಮೈಯೆಂದು ದೂರದ ಬೇವಿನಮರದಡಿಯೇ ನಿಂತಳು. "ನೀನು ಚಿಕ್ಕೋಳು, ನಿಂಗೆ ಅಂಟಲ್ಲ. ಅಣ್ಣನ್ನ ಕರ್ಕೊಂಬಾ. ಏನೂ ಹೇಳ್ಬೇಡ, ಬಾ ಅಂತಷ್ಟೇ ಅನ್ನು." ನಾನು ದೊಡ್ಡವರ ಸೊಂಟಗಳ ನಡುವೆ ತೂರಿದೆ. ಅಪ್ಪ ಕಾಣಲಿಲ್ಲ. ಯಾರೋ "ಗೋವಿಂದಾ" ಎಂದು ಕೂಗಿದರು, ಹಿಂದಿನಿಂದ ಒಮ್ಮೆಗೇ ಜನ ನುಗ್ಗಿತು, ನನ್ನ ಕಾಲು ನೆಲ ಬಿಟ್ಟಿತು. ತಲೆಯ ಮೇಲೆ ಬೆಂಕಿ. ಉರಿಯುವ ಹುಲ್ಲಿನ ಎಳೆಗಳು ಕೆಂಪು ಹುಳುಗಳ ಹಾಗೆ ಸುತ್ತ ಬೀಳುತ್ತಿದ್ದವು. ಒಂದು ನನ್ನ ಮೊಣಕೈಯ ಮೇಲೆ ಬಿದ್ದು ಅಲ್ಲೇ ಕುಳಿತಿತು. ಇದೇ ಆ ಬಾಗಿಲು, ಅಮ್ಮ ಇದರ ಒಳಗಿದ್ದಾಳೆ, ನಾನೇ ಅವಳನ್ನು ಒಳಗೆ ಕಳಿಸಿದೆ ಎನ್ನಿಸಿತು. ಕೂಗಿದೆನೇನೋ. ತಮಟೆಯಲ್ಲಿ ಕೇಳಿಸಲಿಲ್ಲ.

ಆಚೆ ಬದಿಗೆ ಬಿದ್ದಾಗ ಎತ್ತಿಕೊಂಡವರು ಅಪ್ಪನೇ. ಕೂದಲಲ್ಲಿ ಹುಲ್ಲು, ಹಣೆಯ ಮೇಲೆ ಮಸಿ, ಮುಖದ ತುಂಬ ನಗು. "ಏ ಹೋಗ್ಲಾ, ನನ್ ಮಗಳು ಒಬ್ಳೇ ನುಸುಳ್ಬುಟ್ಲು ನೋಡ್ಲಾ," ಎಂದು ಪಕ್ಕದವನಿಗೆ ಹೇಳಿ, ನನ್ನ ಕಿವಿಗೆ ಬಾಯಿಟ್ಟು, "ನಾನೂ ಮೂರು ಸಲ ನುಸುಳಿದೆ ಕಣಮ್ಮ, ನಿಮ್ಮಮ್ಮನ ಹೆಸರಲ್ಲಿ," ಎಂದರು. ನಾನು ಅವರ ಬೆರಳು ಹಿಡಿದು ಬೇವಿನಮರದ ಕಡೆ ಎಳೆದೆ. ಅಷ್ಟು ದೂರವೂ ಅವರು ಯಾರ ಯಾರನ್ನೋ ಮಾತಾಡಿಸುತ್ತ, ನಗುತ್ತ ಬಂದರು. ನಾನು ಹೆಜ್ಜೆ ನಿಧಾನ ಮಾಡಿದೆ. ಆ ನಗು ಇನ್ನೆಷ್ಟು ಹೆಜ್ಜೆ ಎಂದು ಎಣಿಸುತ್ತಿದ್ದೆ.

ಬೆಳಗಿನ ಐದು ಗಂಟೆಯವರೆಗೆ ಬಸ್ಸಿರಲಿಲ್ಲ. ಅಂಗಡಿ ತೆಗೆಸಿ ಟ್ರಂಕ್‌ಕಾಲಿಗೆ ಬರೆಸಿದರೆ ಆ ಊರಿನ ಲೈನು ಸಿಗಲಿಲ್ಲ. ಅಪ್ಪ ಬಂದು ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು, ನೇಯದೆ, ಸುಮ್ಮನೆ ಕೂತರು. ಅಷ್ಟು ಹೊತ್ತು ಅವರು ಅಲ್ಲಿ ಕೂತು ಸದ್ದು ಬಾರದಿದ್ದದ್ದು ಅದೇ ಮೊದಲು.

ಆ ಮನೆಯನ್ನು ಈಗ ಕೆಡವಿದ್ದಾರೆ. ಗುಂಡಿಗೆ ಮಣ್ಣು ತುಂಬಿ ಮೇಲೆ ಸಿಮೆಂಟು ಹಾಕಿದ ನೆಲದಲ್ಲಿ ಯಾರದೋ ಕರೆಂಟಿನ ಮಗ್ಗಗಳು ಓಡುತ್ತವೆ. ಅವುಗಳ ಸದ್ದು ನಿಲ್ಲುವುದೇ ಇಲ್ಲವಾದ್ದರಿಂದ ಯಾರಿಗೂ ಯಾವುದೂ ಕೇಳಿಸುವುದಿಲ್ಲ. ಅಜ್ಜಿ ಹೋಗಿ ಬಹಳ ಕಾಲವಾಯಿತು, ತಾತ ಅವಳಿಗಿಂತ ಮೊದಲು. ರತ್ನತ್ತೆ ಮದುವೆಯಾಗಿ ಹತ್ತಿರದ ಪರಿಗಿ ಊರು ಸೇರಿದಳು. ಈಗ ಯಾರನ್ನೂ ಅಣಕಿಸುವುದಿಲ್ಲ ಎನ್ನುತ್ತಾರೆ, ನನಗೆ ನಂಬಿಕೆಯಿಲ್ಲ. ಹೋದ ವರ್ಷ ಚಳಿಗಾಲದಲ್ಲಿ ಹಾಸ್ಟೆಲಿನ ಫೋನಿಗೆ ನನ್ನ ತಂಗಿಯ ಕರೆ ಬಂತು. ಲೈನು ಎಷ್ಟು ಸ್ಪಷ್ಟವಾಗಿತ್ತೆಂದರೆ ಅವಳು ಉಸಿರು ಎಳೆದುಕೊಂಡದ್ದೂ ಕೇಳಿಸಿತು. "ಅಕ್ಕಾ, ಅಮ್ಮ ಹೋಗ್ಬುಟ್ಲು," ಎಂದಳು. ನಾನು ಆ ಮಾತನ್ನು ತಿರುಗಿಸಿ ನೋಡಿದೆ, ಅದರ ಅಡಿಯಲ್ಲಿ, ಹಿಂದೆ, ಬೇರೆ ಭಾಷೆಯಲ್ಲಿ. ಇನ್ನೊಂದು ಅರ್ಥ ಎಲ್ಲೂ ಇರಲಿಲ್ಲ. ಹುಣ್ಣಿಮೆಯ ಆ ಸಂಜೆ ಅತ್ತದ್ದು ಸುಳ್ಳಿಗೆ ಎಂದು ನಾವು ಎಷ್ಟೋ ವರ್ಷ ನಗುತ್ತಿದ್ದೆವು. ಸುಳ್ಳಿಗಲ್ಲ. ಮುಂಚೆಯೇ ಅತ್ತಿದ್ದೆವು, ಅಷ್ಟೇ.

ಹಾಗೆ ನಗುವುದಕ್ಕೆ ಕಾರಣವಾದದ್ದು ಮರುದಿನದ ಬೆಳಗು. ಐದರ ಬಸ್ಸಿನಲ್ಲಿ ಅಪ್ಪನೂ ನಾನೂ ಹೊರಟೆವು. ಕಿಟಕಿಗೆ ಗಾಜಿರಲಿಲ್ಲ, ಅಪ್ಪ ತಮ್ಮ ಟವೆಲ್ಲನ್ನು ನನ್ನ ಕಿವಿಗೆ ಸುತ್ತಿದ್ದರು. ದಾರಿಯ ಹಳ್ಳಿಗಳಲ್ಲಿ ಹಿಂದಿನ ಸಂಜೆಯ ಹಣತೆಗಳು ಹೊಸ್ತಿಲುಗಳಲ್ಲಿ ಕಪ್ಪಗೆ ಕೂತಿದ್ದವು. ಬೆಳಕು ಹರಿಯುವ ಹೊತ್ತಿಗೆ ಕಂಡಕ್ಟರು "ಪೆನುಕೊಂಡಾ, ಪೆನುಕೊಂಡಾ, ದಿಗಂಡಿ" ಎಂದು ಇಳಿಯುವವರನ್ನು ಕೂಗಿದ. ಕೊಂಡ ಎಂದದ್ದು ಕೇಳಿ ತಲೆಯೆತ್ತಿದರೆ ಬಸ್ಸಿನ ಕಿಟಕಿ ತುಂಬ ಬೆಟ್ಟ. ಇನ್ನು ಇಟ್ಟುಕೊಳ್ಳಲು ಆಗಲಿಲ್ಲ. "ಅಪ್ಪಾ, ತಾತ ಬೆಟ್ಟದ ದೀಪ ಹತ್ತಿಸ್ತೀನಿ ಅಂದಿದ್ರು. ಅಮ್ಮ ಚೆನ್ನಾಗಿದ್ರೆ. ದೀಪ ಹತ್ತಿತು ಅಂತ ಹೇಳಿ ಕಳಿಸ್ತೀನಿ ಅಂದಿದ್ರು."

ಅಪ್ಪ ನನ್ನ ಕಡೆ ತಿರುಗಿದರು. "ಹತ್ತಿತು ಅಂತ? ಯಾವ ಮಾತು ಅಂದ್ರು, ಸರಿಯಾಗಿ ಹೇಳು." ಹೇಳಿದೆ. ಇನ್ನೊಮ್ಮೆ ಹೇಳಿಸಿದರು. ಕನ್ನಡದಲ್ಲಿ ದೀಪ ಹತ್ತಿತು ಎಂದರೆ ಹೊತ್ತಿಕೊಂಡಿತು. ತೆಲುಗಿನವರ ದೀಪ ಬೆಟ್ಟ ಹತ್ತಿದರೆ ಆರಿತು. ಅವರ ತುಟಿ ಎರಡನ್ನೂ ಅಳೆಯುವ ಹಾಗೆ ಅಲುಗುತ್ತಿತ್ತು. ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ. ಅಲ್ಲಿಳಿದು ಹಿಡಿದ ಇನ್ನೊಂದು ಬಸ್ಸಿನ ಎರಡು ಗಂಟೆಯ ದಾರಿಯಲ್ಲಿ, ನಂಬಿದರೆ ಎಲ್ಲಿ ಮುರಿಯುತ್ತದೋ ಎಂದು ಆ ಮಾತನ್ನು ಕೈಯಲ್ಲಿ ಹಿಡಿಯಲೂ ಹೆದರಿದವರ ಹಾಗೆ ಕೂತಿದ್ದರು. ನನ್ನ ಕೈ ಮಾತ್ರ ನೋಯುವಷ್ಟು ಬಿಗಿಯಾಗಿ ಹಿಡಿದಿದ್ದರು.

ತಾತನ ಬೀದಿ ತಿರುಗಿದಾಗ ಅವರು ಜಗುಲಿಯ ಮೇಲೆ ಕೂತು ಹಲ್ಲುಜ್ಜುತ್ತಿದ್ದರು. ನಮ್ಮನ್ನು ಕಂಡು ಎದ್ದು ನಿಂತು, "ಇದೇನ್ಲಾ, ಇಷ್ಟು ಬೇಗ ಬಂದ್ಬುಟ್ರಾ? ಹೆಣ್ಣುಕೂಸು ಕಣಪ್ಪ. ತಾಯಿನೂ ಚೆನ್ನಾಗವಳೆ," ಎಂದರು. ಅಪ್ಪ ಬೀದಿಯ ನಡುವೆ, ಎತ್ತಿನ ಗಾಡಿಯೊಂದು ಬರುತ್ತಿದ್ದಂತೆಯೇ, ಕುಕ್ಕರಿಸಿ ಕೂತುಬಿಟ್ಟರು. ವಿಷಯ ತಿಳಿದಾಗ ತಾತನ ಬಾಯಿಂದ ಬೇವಿನ ಕಡ್ಡಿ ಬಿತ್ತು. "ಮಧ್ಯಾಹ್ನವೇ ಫೋನು ಸಿಗ್ತು. ಸಾಯಂಕಾಲ ಹತ್ತಿಸ್ಬೇಕಾಗಿದ್ ದೀಪಾನ ಮುಂಚೇನೆ ಹತ್ತಿತು ಅಂದ್ಬುಟ್ಟೆ. ಅದೇ ತಪ್ಪಾಯ್ತೇನೋ," ಎಂದು ಬಹಳ ಹೊತ್ತು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಿದ್ದರು.

ಅಮ್ಮ ಒಳಗಿನ ಕತ್ತಲೆ ಕೋಣೆಯಲ್ಲಿ ಮಲಗಿದ್ದಳು. ಪಕ್ಕದಲ್ಲಿ ಬಟ್ಟೆಯ ಗಂಟಿನಂಥದ್ದೊಂದು, ಅದೇ ನನ್ನ ತಂಗಿ. ನಾನು ಹೊಸ್ತಿಲಲ್ಲೇ ನಿಂತೆ. ಮುಟ್ಟಬಾರದೆಂದು ಯಾರೋ ಹೇಳಿದರು. "ಯಾಕೇ ಅಳ್ತೀಯ?" ಎಂದಳು ಅಮ್ಮ. "ಬತ್ತಿ ಒಂದು ಕಮ್ಮಿ ಇತ್ತು," ಎಂದೆ. ಅವಳಿಗೆ ಏನು ಅರ್ಥವಾಯಿತೋ. ನಕ್ಕಳು, ತಲೆದೆಸೆಯಲ್ಲಿದ್ದ ಹತ್ತಿಯ ಸುರುಳಿಯಿಂದ ಚಿಟಿಕೆ ಕಿತ್ತು, ಮಲಗಿದಲ್ಲೇ ಅಂಗೈಗಳ ನಡುವೆ ಹೊಸೆದು, ಒಂದು ಬತ್ತಿ ಮಾಡಿ ನನ್ನ ಕಡೆ ಎಸೆದಳು. "ತಗೋ. ಈಗ ಸರಿಹೋಯ್ತಾ?"

ತಾತ ಹಿಂದಿನ ಸಂಜೆ ಮೇಲೆ ಬಿಟ್ಟುಬಂದಿದ್ದ ಎಣ್ಣೆಯ ಗಡಿಗೆ ತರಲು ಬೆಟ್ಟಕ್ಕೆ ಹೊರಟಾಗ ನಾನೂ ಹಿಂದೆ ಹೋದೆ. ಮೇಲೆ ಬಂಡೆಯಲ್ಲಿ ತೋಡಿದ ಕುಳಿಯೇ ದೀಪ; ರಾತ್ರಿಯೆಲ್ಲ ಉರಿದು ಆರಿತ್ತು, ತಳದಲ್ಲಿ ಅಂಗೈಯಷ್ಟು ಎಣ್ಣೆ ಉಳಿದಿತ್ತು. ಕಲ್ಲು ಇನ್ನೂ ಬೆಚ್ಚಗಿತ್ತು. ನಾನು ಅಮ್ಮನ ಬತ್ತಿಯನ್ನು ಅದರಲ್ಲಿ ಅದ್ದಿ ಅಂಚಿಗಿಟ್ಟೆ. ತಾತ ಏನೂ ಕೇಳದೆ ಬೆಂಕಿಪೊಟ್ಟಣ ಕೊಟ್ಟರು. ಕಡ್ಡಿ ಗೀರಿ ಹಚ್ಚಿದೆ. ಬಿಸಿಲು ಏರಿತ್ತು, ಜ್ವಾಲೆ ಕಾಣಲೇ ಇಲ್ಲ. ಹತ್ತಿತೋ ಇಲ್ಲವೋ ಎಂದು ತಿಳಿಯಲು ಅದರ ಮೇಲೆ ಅಂಗೈ ಹಿಡಿದೆ, ಸುಡುವ ತನಕ.